ಬಡಗಣ ಕಡಲ ಮೇಲಿನ ಕೆಂಪು

ಜುಲೈ ೧೪

ಇವತ್ತು ಕಡಲಪಾಚಿ ಕೀಳಬಹುದು ಎಂದು ಬೆಳಿಗ್ಗೆ ಗುಡ್ಡದ ಮೇಲೆ ಬಿಳಿ ಬಾವುಟ ಏರಿತು. ಈ ಹಂಗಾಮಿನ ಮೊದಲನೆಯದು. ಇವರು ಮನೆಗೆ ಬಂದ ಕೂಡಲೇ ಕೇಳುವುದೇ ಇದನ್ನು: ಬಾವುಟ ಯಾವತ್ತು ಏರಿತು, ಕಡಲಪಾಚಿ ದಪ್ಪ ಬಂತೋ ತೆಳ್ಳಗೋ, ಒಣಗುವಷ್ಟು ಬಿಸಿಲು ಬಿತ್ತೋ ಇಲ್ಲವೋ. ನನ್ನ ತಲೆ ಈಗೀಗ ತೂತು ಬಿದ್ದ ಬಲೆಯಂತಾಗಿದೆ. ಬರೆದಿಟ್ಟುಕೊಂಡರೆ ಒಂದೂ ಬಿಡದೆ ಹೇಳಬಹುದು ಎಂದು ಈ ಪುಸ್ತಕ ತೆಗೆದೆ.

ಪಾಚಿ ದಪ್ಪ ಬಂದಿದೆ. ಬಿಸಿಲೂ ಚೆನ್ನಾಗಿತ್ತು. ಸಂಜೆಯೊಳಗೆ ಪಟ್ಟಿಗಳೆಲ್ಲ ಹಲಗೆಯ ಹಾಗೆ ಒಣಗಿ ನಿಂತವು.

ನಮ್ಮ ದೋಣಿ ಇವರ ಜೊತೆಗೇ ಹೋಗಿದೆ, ಹಾಗಾಗಿ ಕೀಳಲು ನಾವು ಹೋಗುವಂತಿಲ್ಲ. ನಮಗೆ ಉಳಿದಿರುವುದು ಕಡಲ ಪಕ್ಕದ ಒಣಗಿಸುವ ಕಲ್ಲಂಗಳ ಮಾತ್ರ. ಹೊತ್ತೇರುವಷ್ಟರಲ್ಲಿ ಅಲ್ಲಿ ಒದ್ದೆ ಪಾಚಿಯ ದೊಡ್ಡ ಗುಡ್ಡೆ ಬಿದ್ದಿತ್ತು. ಯಾರು ತಂದು ಹಾಕಿದ್ದೆಂದು ಕೇಳಬೇಕಾಗಿಯೇ ಇಲ್ಲ. ಇವಾವೊ. ಇವರ ಚಿಕ್ಕಪ್ಪನ ಮಗ, ಈ ಕೇರಿಯ ದೋಣಿಗಳಿಗೆಲ್ಲ ಯಜಮಾನ. ಹೋದ ಅಕ್ಟೋಬರಿನಲ್ಲಿ ಇವರ ದೋಣಿ ವಾಪಸು ಬಾರದಿದ್ದಾಗ, ಹುಡುಕಿದ್ದು ಸಾಕು, ದೋಣಿ ತಿರುಗಿಸಿ ಎಂದು ಎಲ್ಲರಿಗೂ ಹೇಳಿದವನು ಅವನೇ. ಅಂದಿನಿಂದ ಅವನ ಜೊತೆ ನನಗೆ ಮಾತಿಲ್ಲ. ಪಾಚಿ ಏನು ತಪ್ಪು ಮಾಡಿದೆ? ಹರಡಿ ಒಣಗಿಸಿದೆ.

ಜುಲೈ ೧೫

ಮಂಜು. ಬಾವುಟ ಇಲ್ಲ.

ಮಧ್ಯಾಹ್ನ ಇವರ ಜಾಗದಲ್ಲಿ ಎಂದಿನಂತೆ ತಟ್ಟೆ ಇಟ್ಟೆ. ಅನ್ನ, ಮಿಸೊ ಸಾರು, ಸುಟ್ಟ ಮೀನು, ಮೂಲಂಗಿ ಉಪ್ಪಿನಕಾಯಿ. ನಾವು ಉಂಡು ಮುಗಿದ ಮೇಲೆ ಅನ್ನದ ಬಟ್ಟಲಿನ ಮುಚ್ಚಳ ಎತ್ತಿ ನೋಡಿದೆ. ಒಳಗೆಲ್ಲ ಹನಿ ಕಟ್ಟಿತ್ತು. ದೂರ ಹೋದವರಿಗೆ ದಿನವೂ ಊಟ ಬಡಿಸಿಟ್ಟರೆ ಅವರು ಹೋದಲ್ಲಿ ಹಸಿದಿರುವುದಿಲ್ಲ. ಮುಚ್ಚಳದಲ್ಲಿ ಹನಿ ಕಂಡರೆ ಅವರು ಕ್ಷೇಮ. ಇದನ್ನು ನಾನು ಈ ಮನೆಗೆ ಬಂದ ಹೊಸದರಲ್ಲಿ ಕಲಿಸಿದವರು ಅತ್ತೆಯೇ. ಈಗ ಅವರೇ ನಗುತ್ತಾರೆ.

"ಬಿಸಿ ಅನ್ನಕ್ಕೆ ಮುಚ್ಚಳ ಮುಚ್ಚಿದ್ರೆ ಬೆವರ್ದೆ ಇನ್ನೇನ್ ಮಾಡತ್ತೆ? ನನ್ನ ತಲೆ ಮೇಲೆ ಮುಚ್ಚಿಡು, ನಾನೂ ಬೆವರ್ತೀನಿ."

"ನೀವೇ ಅಲ್ವಾ ಅತ್ತೆ ಹೇಳ್ಕೊಟ್ಟಿದ್ದು?"

"ಹೇಳ್ಕೊಟ್ಟೆ. ಚಳಿಗಾಲಕ್ಕೆ ಹೋಗಿ ವಸಂತಕ್ಕೆ ಬರೋರಿಗೆ ಅಂತ ಹೇಳ್ಕೊಟ್ಟೆ."

ಅವರಿಗೆ ಎಂಬತ್ತು ದಾಟಿದೆ. ಹಲ್ಲು ಹೋಗಿದೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ. ನಾನು ತಟ್ಟೆ ಎತ್ತಿಟ್ಟು ಪಾತ್ರೆ ತೊಳೆದೆ. ಇವರ ಅನ್ನವನ್ನು ದಂಡ ಮಾಡುವುದಿಲ್ಲ, ರಾತ್ರಿ ಬಿಸಿ ಚಹಾ ಸುರಿದುಕೊಂಡು ನಾನೇ ತಿನ್ನುತ್ತೇನೆ.

ಜುಲೈ ೨೨

ಇವಾವೊನ ಹೆಂಡತಿ ಹತ್ಸುಯೆ ಬಂದಿದ್ದಳು. ಒಣಗಿದ ಪಾಚಿಯ ಅಂಚು ಕತ್ತರಿಸಲು ಕೈ ಜೋಡಿಸಿದಳು. ಅವಳ ಜೊತೆ ಮಾತು ಬಿಟ್ಟಿಲ್ಲ. ಗಂಡನ ತಪ್ಪಿಗೆ ಅವಳನ್ನು ಯಾಕೆ ಹಿಡಿಯಲಿ.

"ಅಕ್ಕಾ, ಒಂದ್ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಮ್ಮನೇವ್ರಿಗೆ ರಾತ್ರಿ ನಿದ್ದೇನೇ ಇಲ್ಲ. ಎದ್ದು ಹೋಗಿ ಬಂದರಿನ ಗೋಡೆ ಮೇಲೆ ಕೂತಿರ್ತಾರೆ."

"ನಿದ್ದೆ ಬರದೇ ಇರೋನು ಇನ್ನೂ ನಾಲ್ಕು ದಿನ ಹುಡುಕ್ಬಹುದಿತ್ತು" ಎಂದೆ.

ಅವಳು ಕತ್ತರಿ ಕೆಳಗಿಟ್ಟಳು. ಅಂದದ್ದು ಜಾಸ್ತಿಯಾಯಿತೇನೋ. ಆದರೆ ಸುಳ್ಳೇನೂ ಅಲ್ಲ. ಹುಡುಕಿದವರಿಗೆ ಸಿಕ್ಕಿದ್ದು ನಮ್ಮ ಮನೆ ಗುರುತು ಬರೆದ ಒಂದು ಮೀನಿನ ಪೆಟ್ಟಿಗೆ. ಪೆಟ್ಟಿಗೆ ಯಾರ ದೋಣಿಯಿಂದ ಬೀಳುವುದಿಲ್ಲ? ದೋಣಿ ಸಿಗಲಿಲ್ಲ, ಇವರು ಸಿಗಲಿಲ್ಲ. ಮಾವನವರ ಕಾಲದಲ್ಲಿ ಆಚೆ ಕೇರಿಯ ದೋಣಿಯೊಂದನ್ನು ಗಡಿ ದಾಟಿತೆಂದು ಸಖಾಲಿನ್ ಕಡೆಯ ರಷ್ಯದವರು ಹಿಡಿದು ಇಟ್ಟುಕೊಂಡಿದ್ದರು. ಮನೆಯವರು ಅತ್ತು ಅತ್ತು ಸುಸ್ತಾದ ಮೇಲೆ ಗಂಡಸರೆಲ್ಲ ಗಡ್ಡ ಬಿಟ್ಟುಕೊಂಡು ಇಳಿದು ಬಂದರು. ಆ ಕಥೆಯನ್ನು ನನಗೆ ಹೇಳಿದವನೂ ಇವಾವೊನೇ.

ಇವರಿಗೆ ಹೇಳಬೇಕಾದದ್ದು: ಹತ್ಸುಯೆಯ ಮಂಡಿನೋವು ಹೆಚ್ಚಾಗಿದೆ. ಬಾವುಟದ ಕಂಬಕ್ಕೆ ಹೊಸ ಹಗ್ಗ ಹಾಕಿದ್ದಾರೆ.

ಜುಲೈ ೨೩

ಮಂಜು.

ಆಗಸ್ಟ್ ೩

ಸಂಜೆ ಕಲ್ಲಂಗಳದಲ್ಲಿ ನಿಂತು ಬಡಗು ದಿಕ್ಕು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಅಲ್ಲೇನೂ ಇಲ್ಲ, ನೀರು. ಆದರೂ ಚಹಾದ ಚರಟ ಚೆಲ್ಲುವ ನೆವದಲ್ಲಿ ಹೋಗುತ್ತೇನೆ.

ಮದುವೆಯಾದ ವರ್ಷ ಇದೇ ಅಂಗಳದಲ್ಲಿ ಇವರು ಹೇಳಿದ್ದರು, "ನಾನೇನಾದ್ರೂ ಕಡಲಲ್ಲಿ ದಾರಿ ತಪ್ಪಿದ್ರೆ ಹಾಸಿಗೆಗೆ ಎಣ್ಣೆ ಸುರಿದು ಬೆಂಕಿ ಹಚ್ತೀನಿ. ನೀನು ಇಲ್ಲಿಂದ ನೋಡಿ ಎಲ್ಲರನ್ನೂ ಕರ್ಕೊಂಡು ಬಾ." ನಾನು ಹೆದರಿ ಅಳಲು ಶುರು ಮಾಡಿದೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಸಿಗೆ ಯಾವುದೆಂದು ಕೇಳಿದ್ದಕ್ಕೆ, ನಿನ್ನ ಅಮ್ಮ ಕೊಟ್ಟಿದ್ದು, ಆ ಹತ್ತಿಗೆ ಬೆಂಕಿ ಬೇಗ ಹತ್ತುತ್ತೆ ಎಂದರು.

ಆಗಸ್ಟ್ ೭

ಎದುರು ದಡದ ವಕ್ಕನಾಯಿಯಿಂದ ಹಡಗಿನಲ್ಲಿ ದೇವಸ್ಥಾನದ ಗುರುಗಳು ಬಂದಿದ್ದರು. ಓಬೊನ್ ಹಬ್ಬದ ದಿನಗಳಲ್ಲಿ ತೀರಿಕೊಂಡ ಹಿರಿಯರು ಮನೆಗೆ ಬಂದಾಗ ಯಾರ ಯಾರ ಮನೆಯಲ್ಲಿ ಮಂತ್ರ ಹೇಳಬೇಕೆಂದು ಕೇಳಿಕೊಂಡು ಹೋಗುತ್ತಾರೆ. ಚಹಾ ಕುಡಿದು, ನಮ್ಮ ಹಿರಿಯರ ಗೂಡಿನ ಕಡೆ ತಿರುಗಿ, ಮೆಲ್ಲಗೆ ಕೇಳಿದರು.

"ಈ ಮನೇಲಿ ಈ ಸಲ ಮೊದಲನೇ ಓಬೊನ್ ಯಾರಿಗಾದ್ರೂ ಇದೆಯೇನಮ್ಮ?"

ಅತ್ತೆ ತಲೆ ತಗ್ಗಿಸಿದರು. ನಾನು ಹೇಳಿದೆ, "ಇಲ್ಲ ಗುರುಗಳೇ. ನಮ್ಮನೇಲಿ ಹೊಸದಾಗಿ ಯಾರೂ ಹೋಗಿಲ್ಲ."

ಅವರು ಇವರ ಜಾಗದಲ್ಲಿ ಇಟ್ಟಿದ್ದ ತಟ್ಟೆ ನೋಡಿದರು. ಮತ್ತೇನೂ ಕೇಳಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಹೋಗುವಾಗ ನನಗಿಂತ ಅತ್ತೆಗೆ ಹೆಚ್ಚು ಬಾಗಿ ನಮಸ್ಕರಿಸಿದ್ದು ನನಗೆ ಹಿಡಿಸಲಿಲ್ಲ.

ಆಗಸ್ಟ್ ೯

ಜಗಳ.

ಅತ್ತೆ ಅಂಗಡಿಯಿಂದ ಬಿಳಿ ಗೂಡುದೀಪ ತರಿಸಿದ್ದರು. ಮೊದಲನೇ ಓಬೊನ್ನಿಗೆ ಬರುವವರಿಗೆ ಬಣ್ಣದ ದೀಪ ಹಾಕುವುದಿಲ್ಲ, ಬಿಳಿಯದೇ ಬೇಕು. ನಾನು ಅದನ್ನು ತೆಗೆದು ಬಲೆಯ ಕೋಣೆಯಲ್ಲಿ ಅಟ್ಟದ ಮೇಲಿಟ್ಟೆ. ಅತ್ತೆ ಅಂದರು.

"ನಿನಗವನು ಗಂಡ ಕಣೇ. ನನಗೆ ಮಗ."

"ಅದಕ್ಕೇ ಅತ್ತೆ. ಮಗ ಬದುಕಿರೋವಾಗ ಯಾವ ತಾಯಿ ಬಿಳಿ ದೀಪ ತರಿಸ್ತಾಳೆ?"

"ಬದುಕಿದ್ರೆ ದೀಪ ಹಾಕಿದ್ದಕ್ಕೆ ಬೈದು ಕಿತ್ತು ಹಾಕ್ತಾನೆ, ನಾನೂ ಬೈಸ್ಕೋತೀನಿ. ಸತ್ತಿದ್ರೆ? ಎಲ್ಲರ ಮನೆ ಸತ್ತೋರೂ ಅವರವರ ಮನೇಲಿ ಕೂತು ಉಣ್ತಿರ್ತಾರೆ. ನನ್ ಮಗ ದೀಪ ಇಲ್ಲದ ಮನೆ ಯಾವ್ದು ಅಂತ ಗೊತ್ತಾಗ್ದೆ ಬೀದೀಲಿ ನಿಂತಿರ್ಬೇಕಾ?"

ಅವರು ಹೇಳಿದ್ದು ಸರಿಯೆನ್ನಿಸಿ ಭಯವಾಯಿತು. ಆದರೆ ದೀಪ ತೂಗುಹಾಕಿದರೆ, ನೀವು ಸತ್ತಿರಿ ಎಂದು ನಾನೇ ಇವರಿಗೆ ಹೇಳಿದ ಹಾಗೆ. ಅಲ್ಲೆಲ್ಲೋ ಸೆರೆಯಲ್ಲಿ ಕೂತು ಮನೆ ನೆನೆಯುತ್ತಿರುವವರಿಗೆ ಹೆಂಡತಿ ಹಾಗೆ ಮಾಡಬಹುದೇ?

ದೀಪ ಅಟ್ಟದ ಮೇಲೇ ಇದೆ.

ಆಗಸ್ಟ್ ೧೦

ಹನಿ ಇತ್ತು.

ಆಗಸ್ಟ್ ೧೧

ಹನಿ ಇತ್ತು. ಅತ್ತೆ ಮಾತಾಡುತ್ತಿಲ್ಲ. ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ, ಹಿರಿಯರು ಏರಿ ಬರಲು ಕುದುರೆ ಮಾಡಿಟ್ಟಿದ್ದಾರೆ. ಯಾವಾಗಲೂ ಒಂದೇ ಮಾಡುತ್ತಿದ್ದರು, ಮಾವನವರಿಗೆ. ಇವತ್ತು ಎರಡು.

ಆಗಸ್ಟ್ ೧೨

ಬರೆಯುತ್ತಿರುವುದು ಹದಿಮೂರರ ಬೆಳಿಗ್ಗೆ. ಕೈ ಇನ್ನೂ ಬೆಚ್ಚಗಾಗಿಲ್ಲ.

ನಿನ್ನೆ ಊಟ ಮುಗಿಸಿ, ಚರಟ ಚೆಲ್ಲಲು ಅಂಗಳಕ್ಕೆ ಹೋದೆ. ಪಡುವಣದಲ್ಲಿ ಹೊತ್ತು ಮುಳುಗಿ ಕತ್ತಲಾಗಿ ಬಹಳ ಹೊತ್ತಾಗಿತ್ತು. ಬಡಗು ದಿಕ್ಕಿನಲ್ಲಿ, ನೀರು ಮುಗಿಯುವ ಜಾಗದಲ್ಲಿ, ಆಕಾಶ ಕೆಂಪಾಗಿತ್ತು. ಅಗಲವಾದ, ಮಂಕಾದ ಕೆಂಪು. ಕಡಲಿನ ಅಂಚಿನ ಕೆಳಗೆ ಯಾರೋ ದೊಡ್ಡ ಒಲೆ ಹೊತ್ತಿಸಿದ ಹಾಗೆ.

ಹಚ್ಚಿದರು, ಅಂದುಕೊಂಡೆ. ಕೊನೆಗೂ ಬೆಂಕಿ ಹಚ್ಚಿದರು.

ಒಳಗೆ ಓಡಿ, ನಾನಿನ್ನೂ ತಿನ್ನದೆ ಇಟ್ಟಿದ್ದ ಇವರ ಅನ್ನದ ಬಟ್ಟಲನ್ನು ಮುಚ್ಚಳ ಸಮೇತ ಬಟ್ಟೆಯಲ್ಲಿ ಕಟ್ಟಿಕೊಂಡೆ. ಹಸಿದಿರುತ್ತಾರಲ್ಲ. "ಅತ್ತೆ, ಬಡಗಲ್ಲಿ ಬೆಂಕಿ!" ಎಂದು ಕೂಗಿದೆ. ಅವರು ಬಾಗಿಲಿಗೆ ಬಂದು ಆಕಾಶ ನೋಡಿ ಬಾಯಿ ತೆರೆದರು, ಏನೂ ಹೇಳದೆ ಮುಚ್ಚಿದರು.

ಇವಾವೊನ ಬಾಗಿಲು ತಟ್ಟಿದೆ. ಹೋದ ಅಕ್ಟೋಬರಿನಿಂದ ತಟ್ಟದ ಬಾಗಿಲು. ಅವನು ಊಟದ ಮಧ್ಯೆ ಎದ್ದು ಬಂದ, ಕೈಯಲ್ಲಿ ಉಣ್ಣುವ ಕಡ್ಡಿ ಇನ್ನೂ ಇತ್ತು.

"ನಿನ್ನ ಅಣ್ಣ ಬೆಂಕಿ ಹಚ್ಚಿದ್ದಾರೆ. ಬಾ."

ಬರಿಗಾಲಲ್ಲಿ ಬೀದಿಗೆ ಇಳಿದು ನೋಡಿದ. ಬಹಳ ಹೊತ್ತು ಆ ಕೆಂಪನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹಿಂದಿನಿಂದ ಹತ್ಸುಯೆ, "ರೀ, ಅದು ಬೆಂಕಿಯಲ್ಲ, ಈಗ ತಾನೇ ಟೀವೀಲಿ..." ಎನ್ನುತ್ತಿದ್ದಳು.

"ನೀನ್ ಸುಮ್ನಿರು. ನನ್ನ ಬೂಟು ಕೊಡು" ಎಂದ.

ಬಂದರಿನಲ್ಲಿ ಜನ ಸೇರಿದ್ದರು. ಯಾರೋ, ಆಚೆ ದ್ವೀಪ ಹತ್ತಿ ಉರೀತಿದ್ಯೇನಪ್ಪಾ ಎಂದು ತಮಾಷೆ ಮಾಡುತ್ತಿದ್ದರು. ಇನ್ನೊಬ್ಬರು ಫೋನ್ ಎತ್ತಿ ಫೋಟೋ ತೆಗೆಯುತ್ತಿದ್ದರು. ನನ್ನನ್ನು ಕಂಡು ಎಲ್ಲರೂ ನಗು ನಿಲ್ಲಿಸಿ ದಾರಿ ಬಿಟ್ಟರು. ಇವಾವೊನ ದೊಡ್ಡ ದೋಣಿಗೆ ಹೆಂಗಸರು ಹತ್ತುವುದಿಲ್ಲ. ದೋಣಿ ಕಾಯುವ ದೇವಿಗೆ ಹೆಂಗಸರೆಂದರೆ ಹೊಟ್ಟೆಕಿಚ್ಚು ಎಂದು ಅವನ ಅಪ್ಪನ ಕಾಲದಿಂದಲೂ ಇರುವ ಕಟ್ಟು. ನಾನು ಗೋಡೆಯ ಹತ್ತಿರ ನಿಂತೆ.

"ಹತ್ತಿ ಅತ್ತಿಗೆ" ಎಂದು ಕೈ ಚಾಚಿದ.

ಬಂದರಿನ ಬಾಯಿ ದಾಟುತ್ತಿದ್ದಂತೆ ರೇಡಿಯೋದಲ್ಲಿ ಒಬ್ಬರು ಏನೋ ಹೇಳಲು ಶುರು ಮಾಡಿದರು. ಇವಾವೊ ಕೈ ನೀಡಿ ಅದನ್ನು ಆರಿಸಿದ. ಇಂಜಿನ್ನಿನ ಸದ್ದು ಮಾತ್ರ ಉಳಿಯಿತು. ನಾನು ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂತೆ. ಬೇಗ ಹೋಗು ಎಂದೆ. ಬೇಗ ಹೋದ.

ಎಷ್ಟು ಹೋದರೂ ಕೆಂಪು ಹತ್ತಿರ ಬರಲಿಲ್ಲ. ಮೊದಲು ಗಾಳಿಯ ತಪ್ಪು ಅಂದುಕೊಂಡೆ, ಆಮೇಲೆ ದೋಣಿಯ ತಪ್ಪು. ಕೆಂಪಿನ ಮೇಲೆ ಬೆಳ್ಳಗಿನ ಉದ್ದುದ್ದ ಗೆರೆಗಳು ಎದ್ದು ನಿಂತವು, ಒಂದು ಮಾಸಿತು, ಪಕ್ಕದಲ್ಲಿ ಇನ್ನೊಂದು ಎದ್ದಿತು. ಕೆಳಗೆ ನೀರೂ ತುಸು ಕೆಂಪಾಗಿತ್ತು. ನನ್ನ ಕೈ ಕೂಡ. ಅಷ್ಟು ಚೆಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಅದನ್ನು ನೋಡುತ್ತಾ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಯಾಕೆಂದರೆ ಹೊಗೆ ಇರಲಿಲ್ಲ. ಕೆಂಪಿನ ನಡುವೆ ನಕ್ಷತ್ರಗಳು ಕಾಣುತ್ತಿದ್ದವು. ಉರಿಯುವ ದೋಣಿಯ ಒಳಗಿಂದ ನಕ್ಷತ್ರ ಕಾಣುತ್ತದೆಯೇ?

ಆದರೂ ದೋಣಿ ಹೋಗುತ್ತಲೇ ಇತ್ತು.

ಒಂದು ಕಡೆ ಅವನು ವೇಗ ತಗ್ಗಿಸಿದ. "ಹೋದ್ಸಲ ಇಲ್ಲೀವರೆಗೆ ಬಂದಿದ್ವಿ" ಎಂದ. ಮತ್ತೆ ಮುಂದಕ್ಕೆ ಬಿಟ್ಟ.

"ಇಲ್ಲಿಂದಾಚೆ ಗಡಿ ಅಲ್ವಾ?" ಎಂದೆ.

"ಗಡಿ ಬಂದ್ರೆ ಬರ್ಲಿ. ನೀವು ಸಾಕು ಅನ್ನೋವರೆಗೂ ಹೋಗ್ತೀನಿ ಅತ್ತಿಗೆ. ಈ ಸಲ ನಾನಾಗಿ ಹೇಳೋದಿಲ್ಲ."

ಅವನ ಕಡೆ ತಿರುಗಿ ನೋಡಿದೆ. ಆ ಬೆಳಕಿನಲ್ಲಿ ಅವನ ಮುಖ ಮುದುಕನ ಮುಖದಂತೆ ಕಂಡಿತು. ಬರಿಯ ಅಂಗಿಯಲ್ಲಿ ಬಂದಿದ್ದ. ಅಲೆ ದೊಡ್ಡದಾಗುತ್ತಿತ್ತು. ಮನೆಯಲ್ಲಿ ಹತ್ಸುಯೆ ಬಾಗಿಲಲ್ಲಿ ನಿಂತಿರುತ್ತಾಳೆ ಎಂದು ಅನ್ನಿಸಿತು. ಅವಳು ನನ್ನ ಹಾಗೆ ಬಡಗು ದಿಕ್ಕು ನೋಡುತ್ತಾ ನಿಂತಿರುತ್ತಾಳೆ.

"ಸಾಕು" ಎಂದೆ.

ಅವನು ತಿರುಗಿಸಲಿಲ್ಲ. "ಇನ್ನೊಂದ್ಸಲ ಹೇಳಿ ಅತ್ತಿಗೆ."

"ತಿರುಗಿಸು ಇವಾವೊ. ಮನೆಗೆ ಹೋಗೋಣ."

ದೋಣಿ ತಿರುಗಿತು. ಆ ಕೆಂಪು ನನ್ನ ಬೆನ್ನಿಗೆ ಬಂತು. ಇವಾವೊ ಅಳುತ್ತಿದ್ದ, ಮರೆಸಿಕೊಳ್ಳಲೂ ಇಲ್ಲ. ನಾನೂ ಅತ್ತುಬಿಟ್ಟೆ, ಮೊದಲ ಸಲ ಸದ್ದು ಮಾಡಿ. ಇಂಜಿನ್ನಿನ ಗದ್ದಲದಲ್ಲಿ ಯಾರಿಗೂ ಯಾರದ್ದೂ ಕೇಳಿಸಬೇಕಾಗಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನು ಅರ್ಧ ಊಟದಲ್ಲಿ ಎದ್ದು ಬಂದದ್ದು ನೆನಪಾಯಿತು. ಬಟ್ಟಲು ಬಿಚ್ಚಿ ಕೊಟ್ಟೆ.

"ಇದು ಅಣ್ಣಂದು" ಎಂದು ಹಿಂದೆ ಸರಿದ.

"ತಿನ್ನು. ತಣ್ಣಗಾಗಿ ಹೋಗಿದೆ."

ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದುಕೊಂಡೇ ಅರ್ಧ ತಿಂದ. ಉಳಿದದ್ದನ್ನು ನಾನು ದೋಣಿಯ ಅಂಚಿಗೆ ಬಾಗಿ ನೀರಿಗೆ ಬಿಟ್ಟೆ. ಹೊರಳಿ ನೋಡಿದಾಗ ಕೆಂಪು ಬಹಳ ಮಾಸಿತ್ತು.

ಆಗಸ್ಟ್ ೧೩

ಮಧ್ಯಾಹ್ನದವರೆಗೂ ಮಲಗಿಬಿಟ್ಟೆ. ಎದ್ದಾಗ ಅತ್ತೆ ಒಲೆಯ ಮುಂದೆ ಇದ್ದರು. ಅವರೇ ಮಾತು ತೆಗೆದರು.

"ನಾನು ಮದ್ವೆಗೆ ಮುಂಚೆ ಒಂದ್ಸಲ ನೋಡಿದ್ದೆ ಕಣೇ ಅದನ್ನ. ಆಗ ಚಳಿಗಾಲ. ಪಕ್ಕದ ಕೇರಿಗೆ ಬೆಂಕಿ ಬಿದ್ದಿದೆ ಅಂತ ಎಲ್ಲರೂ ಬಕೆಟ್ ಹಿಡ್ಕೊಂಡು ಹಿಮದಲ್ಲಿ ಗುಡ್ಡ ಹತ್ತಿದ್ವಿ. ಗುಡ್ಡದಾಚೆ ಹೋಗಿ ನೋಡಿದ್ರೆ ಆ ಕೇರಿಯವ್ರೂ ಬಕೆಟ್ ಹಿಡ್ಕೊಂಡು ನಮ್ಮ ಕಡೆಗೇ ಬರ್ತಿದ್ರು. ಬೆಂಕಿಯಲ್ಲ, ಧ್ರುವದ ಕಡೆ ಆಕಾಶದಲ್ಲಿ ಏಳೋ ಬೆಳಕು ಅಂತ ಆಮೇಲೆ ಗೊತ್ತಾಯ್ತು."

"ಗೊತ್ತಿದ್ದೂ ಯಾಕತ್ತೆ ನನಗೆ ಹೇಳ್ಲಿಲ್ಲ?"

ಅವರು ಸೌಟು ಕೆಳಗಿಟ್ಟರು.

"ಹೇಳೋಣ ಅಂತ ಬಾಯ್ ತೆಗ್ದೆ. ಅಷ್ಟರಲ್ಲಿ ಅನ್ನಿಸ್ತು, ಅವತ್ತಿಂದು ಬೆಳಕು, ಇವತ್ತಿಂದು ನಿಜವಾದ ಬೆಂಕೀನೇ ಇದ್ರೆ? ನನ್ ಮಗನೇ ಹಚ್ಚಿದ್ರೆ?"

ಅವರ ಕೈ ಹಿಡಿದುಕೊಂಡೆ. ಇಷ್ಟು ದಿನ ಈ ಮನೆಯಲ್ಲಿ ಕಾಯುತ್ತಿರುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಎಂಥ ಮುಠ್ಠಾಳಿ ನಾನು.

ಅಟ್ಟದಿಂದ ಬಿಳಿ ಗೂಡುದೀಪ ಇಳಿಸಿ, ಧೂಳು ಒರೆಸಿ, ಬಾಗಿಲಿಗೆ ತೂಗುಹಾಕಿದೆ. ಬಂದರಿಗೆ ಹೋಗಿ, ಮಂತ್ರ ಹೇಳಲು ಹಡಗಿನಲ್ಲಿ ಬಂದಿಳಿದ ಗುರುಗಳಿಗೆ ಹೇಳಿ ಬಂದೆ. ಅವರು ಹೆಸರು ಕೇಳಿದರು. ಕತ್ಸುಮಿ ಎಂದೆ.

ಹಿರಿಯರನ್ನು ಕರೆಯುವ ಬೆಂಕಿಯನ್ನು ಎಲ್ಲರೂ ಬಾಗಿಲ ಮುಂದೆ ಹಚ್ಚುತ್ತಾರೆ. ನಾವು ಕಲ್ಲಂಗಳಕ್ಕೆ ಒಯ್ದು, ಬಡಗು ದಿಕ್ಕಿಗೆ ಹಚ್ಚಿದೆವು. ಅವರು ಬರುವುದು ಆ ಕಡೆಯಿಂದ ತಾನೇ. ಇವಾವೊ ಒಣ ಸೌದೆ ಹೊತ್ತು ತಂದ. ಹತ್ಸುಯೆ ಮಂಡಿ ಹಿಡಿದುಕೊಂಡು ಕೂತಳು. ಅತ್ತೆ ಎರಡು ಸೌತೆಕಾಯಿ ಕುದುರೆಗಳನ್ನೂ ಕಡಲಿಗೆ ಮುಖ ಮಾಡಿ ಇಟ್ಟು, "ಈ ನೀರಲ್ಲಿ ಕುದುರೆ ಏನ್ ಮಾಡತ್ತೋ. ಬದನೇಕಾಯಿ ದೋಣಿನಾದ್ರೂ ಮಾಡ್ಬೇಕಿತ್ತು" ಎಂದು ಗೊಣಗಿದರು.

ಇವತ್ತು ಆಕಾಶದಲ್ಲಿ ಏನೂ ಇರಲಿಲ್ಲ. ಬರೀ ಕತ್ತಲೆ.

"ಇಷ್ಟು ಚಿಕ್ಕ ಬೆಂಕಿ ಅವನಿಗೆ ಕಾಣ್ಸತ್ತೇನೇ?" ಎಂದು ಅತ್ತೆ ಕೇಳಿದರು.

"ಕಾಣ್ಸತ್ತೆ ಅತ್ತೆ. ನಾನ್ ಇಲ್ಲಿಂದಾನೇ ನೋಡ್ಬೇಕು ಅಂದಿದ್ರು. ಅವರಿಗೂ ಈ ಅಂಗಳ ಗೊತ್ತಲ್ವಾ."

ಅವರು ನಿಧಾನಕ್ಕೆ ಬರಲಿ, ದಾರಿ ತಪ್ಪದಿರಲಿ ಎಂದು ಬೆಂಕಿಗೆ ಇನ್ನೆರಡು ಸೌದೆ ಹಾಕಿದೆ.

ಆಗಸ್ಟ್ ೧೮

ಬಾವುಟ ಏರಿತು. ಬಿಸಿಲು ಚೆನ್ನಾಗಿತ್ತು. ಇವಾವೊ ಪಾಚಿ ತಂದು ಹಾಕುವಾಗ, ಅಂಗಳದ ಈ ಕಡೆ ಹಾಕು, ಅಲ್ಲಿ ನೆರಳು ಬರುತ್ತೆ ಎಂದೆ.

ಹತ್ಸುಯೆ ಇವರ ಅನ್ನದ ಬಟ್ಟಲಿನ ಮುಚ್ಚಳ ತಂದುಕೊಟ್ಟಳು, ದೋಣಿಯಲ್ಲೇ ಉಳಿದುಹೋಗಿತ್ತಂತೆ. ಒಳಗೆ ಒಣಗಿ ಬೆಳ್ಳಗೆ ಉಪ್ಪು ಕಟ್ಟಿತ್ತು. ತೊಳೆದು ಉಪ್ಪಿನಕಾಯಿ ಬಟ್ಟಲಿಗೆ ಮುಚ್ಚಿದೆ. ಸರಿಯಾಗಿ ಕೂತಿತು.